ಆರು ತಿಂಗಳ ಡಯೆಟ್, ಮತ್ತೆ ಮೊದಲಿಂದ

ಪ್ರಶ್ನೆ: ನನಗೆ 41 ವರ್ಷ. ಅಮೆರಿಕದ ಡಲ್ಲಾಸ್ ಹತ್ತಿರ ಇದ್ದೇವೆ. ಎತ್ತರ 5 ಅಡಿ 2 ಇಂಚು, ತೂಕ 104 ಕೆಜಿ ಇತ್ತು. ಸಸ್ಯಾಹಾರಿ. ಶುಗರ್‌ಗೆ ಮೆಟ್‌ಫಾರ್ಮಿನ್ ಮತ್ತು ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತೇನೆ. ಡಾಕ್ಟರ್ ಸ್ಲೀವ್ ಸರ್ಜರಿಗೆ (ತೂಕ ಇಳಿಸಲು ಜಠರದ ಬಹುಭಾಗ ತೆಗೆಯುವ ಆಪರೇಷನ್) ಸಲಹೆ ಮಾಡಿದ್ದಾರೆ. ಆದರೆ ನಮ್ಮ ಯಜಮಾನರ ಕಂಪನಿಯ ಇನ್ಶೂರೆನ್ಸ್‌ನವರು, ಮೊದಲು ಆರು ತಿಂಗಳು ಬಿಡದೆ ಡಾಕ್ಟರ್ ನಿಗಾದಲ್ಲಿ ಡಯೆಟ್ ಮಾಡಿರಬೇಕು ಅಂತಾರೆ. ಮೂರು ತಿಂಗಳು ಮಾಡಿ 4 ಕೆಜಿ ಇಳಿಸಿದೆ. ಜೂನ್‌ನಲ್ಲಿ ತಮ್ಮನ ಮದುವೆಗೆ ಹಾಸನಕ್ಕೆ ಹೋಗಿದ್ದರಿಂದ ಆ ತಿಂಗಳ ಭೇಟಿ ತಪ್ಪಿತು. ಈಗ ಲೆಕ್ಕ ಮತ್ತೆ ಒಂದರಿಂದ ಅಂತೆ. ಬಂದಾಗಿನಿಂದ 2 ಕೆಜಿ ಏರಿದ್ದೇನೆ. ಹಗಲು ಸಲಾಡ್ ತಿಂದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಕೋಡುಬಳೆ ಡಬ್ಬ ತೆಗೆದು ಕೂರುತ್ತೇನೆ. ತೂಕ ಏರಿದರೆ ಇಲ್ಲ ಅಂತಾರೆ, ಜಾಸ್ತಿ ಇಳಿದರೂ ಸರ್ಜರಿ ಬೇಡ ಅಂತಾರೇನೋ ಎಂಬ ಭಯ. ‘ಆರು ತಿಂಗಳು ಡಯೆಟ್ ಮಾಡೋಕಾಗುತ್ತೆ ಅಂದ್ರೆ ಆಪರೇಷನ್ ಯಾಕೆ?’ ಅಂತ ಅತ್ತೆ ಕೇಳುತ್ತಾರೆ. ಯಜಮಾನರೂ ಸುಮ್ಮನಿರುತ್ತಾರೆ. ಬೆಂಗಳೂರಿಗೆ ಹೋಗಿ ದುಡ್ಡು ಕೊಟ್ಟು ಮಾಡಿಸಿಕೊಂಡು ಬಂದುಬಿಡಲೇ?
– ಹೆಸರು ಬೇಡ, ಟೆಕ್ಸಸ್

ಉತ್ತರ: ತಂಗೀ, ನಿಮ್ಮ ಮನಸ್ಸಿನ ಭಾರ ಇಳಿಸುವ ಮಾತನ್ನೇ ಮೊದಲು ಹೇಳುತ್ತೇನೆ. ಈ ಆರು ತಿಂಗಳ ನಿಯಮದಿಂದ ಸರ್ಜರಿ ಚೆನ್ನಾಗಿ ಆಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅಮೆರಿಕದ ಬ್ಯಾರಿಯಾಟ್ರಿಕ್ (ತೂಕ ಇಳಿಸುವ ಸರ್ಜರಿಯ) ಸರ್ಜನ್‌ಗಳ ಸಂಘವೇ 2016ರ ತನ್ನ ಹೇಳಿಕೆಯಲ್ಲಿ ಇದನ್ನು ವೈಜ್ಞಾನಿಕ ತಳಹದಿ ಇಲ್ಲದ, ತಾರತಮ್ಯದ ಷರತ್ತು ಎಂದು ಕರೆದಿದೆ. ನಿಮ್ಮ ಮನೋಬಲ ಎಷ್ಟಿದೆ ಎಂದು ಅಳೆಯುವ ಶಕ್ತಿ ಆ ನಿಯಮಕ್ಕಿಲ್ಲ. ಅದು ಕಾಗದದ ಕೆಲಸ. ಅದನ್ನು ಕಾಗದದ ಕೆಲಸದಂತೆಯೇ, ಅಚ್ಚುಕಟ್ಟಾಗಿ ಮಾಡಿ ಮುಗಿಸಿ. ದೇಹಕ್ಕೆ ನಿಜವಾಗಿ ಬೇಕಾದ ತಯಾರಿ ಬೇರೆಯೇ ಇದೆ, ಅದಕ್ಕೆ ಈ ತಿಂಗಳುಗಳನ್ನು ಬಳಸಿಕೊಳ್ಳಿ.

ಲೆಕ್ಕ ನಿಜವಾಗಿಯೂ ಸೊನ್ನೆಗೆ ಬಂತೇ ಎಂದು ಖಚಿತ ಮಾಡಿಕೊಳ್ಳಿ. ಕಾರ್ಡ್ ಹಿಂಬದಿಯ ನಂಬರ್‌ಗೆ ಫೋನ್ ಮಾಡಿ, ಬ್ಯಾರಿಯಾಟ್ರಿಕ್ ಸರ್ಜರಿಯ ಮೆಡಿಕಲ್ ಪಾಲಿಸಿಯನ್ನು ಬರಹದಲ್ಲಿ ಕಳಿಸಿ ಎನ್ನಿ. ಇನ್ಶೂರೆನ್ಸ್ ಕಾಗದಗಳಲ್ಲಿ ಸ್ಲೀವ್ ಸರ್ಜರಿಯ ಕೋಡ್ 43775, ಅದನ್ನೇ ಹೇಳಿ ಕೇಳಿದರೆ ಅತ್ತಿತ್ತ ತಿರುಗಿಸುವುದಿಲ್ಲ. ‘ಪ್ರತಿ ತಿಂಗಳು’ ಅಂದರೆ ಕ್ಯಾಲೆಂಡರ್ ತಿಂಗಳೋ, ಎರಡು ಭೇಟಿಗಳ ನಡುವೆ ಇಂತಿಷ್ಟು ದಿನ ಮೀರಬಾರದೆಂದೋ? ಆರು ಭೇಟಿಯೋ, ಆರು ತಿಂಗಳು ತುಂಬಬೇಕೋ? (ಆರು ತಿಂಗಳು ತುಂಬಬೇಕೆಂದರೆ ಏಳನೇ ಭೇಟಿಯೂ ಬೇಕಾಗುತ್ತದೆ. ಎಷ್ಟೋ ಅರ್ಜಿಗಳು ಇಲ್ಲೇ ಎಡವುತ್ತವೆ.) ಡಯೆಟಿಷಿಯನ್ ಭೇಟಿ ಸಾಕೋ, ಡಾಕ್ಟರೇ ಆಗಬೇಕೋ? ವಿಡಿಯೊ ಭೇಟಿ ನಡೆಯುತ್ತದೋ? ಮಾತಾಡಿದವರ ಹೆಸರು, ತಾರೀಖು, ಆ ಕರೆಯ ರೆಫರೆನ್ಸ್ ನಂಬರ್ ಬರೆದಿಡಿ. ಊರಿಗೆ ಹೊರಡುವ ಮುಂಚೆ ಜೂನ್ ಮೊದಲ ವಾರದಲ್ಲಿ ಶುಗರ್‌ಗೆಂದೋ ಔಷಧಿ ಚೀಟಿಗೆಂದೋ ನಿಮ್ಮ ಡಾಕ್ಟರನ್ನು ನೋಡಿದ್ದಿರಾ? ಅಂದು ತೂಕ ದಾಖಲಾಗಿ, ಊಟದ ಮಾತೂ ಬಂದಿದ್ದರೆ ಆ ಭೇಟಿಯನ್ನು ಲೆಕ್ಕಕ್ಕೆ ಹಿಡಿಯುವಂತೆ ಕೇಳಬಹುದು. ನಿಜವಾಗಿ ನಡೆದ ಮಾತನ್ನು ಡಾಕ್ಟರ್ ಇವತ್ತಿನ ತಾರೀಖಿನಲ್ಲಿ ಪೂರಕ ಟಿಪ್ಪಣಿಯಾಗಿ ಸೇರಿಸಬಹುದು. ನಡೆಯದ ಭೇಟಿಗೆ ಹಿಂದಿನ ತಾರೀಖು ಹಾಕಿಸುವ ಯೋಚನೆ ಮಾತ್ರ ಬೇಡ, ಅದು ವಂಚನೆ, ನಿಮ್ಮ ಡಾಕ್ಟರಿಗೂ ಕುತ್ತು. ಇನ್ನೊಂದು ದಾರಿ ಯಜಮಾನರ ಎಚ್‌ಆರ್. ದೊಡ್ಡ ಕಂಪನಿಗಳಲ್ಲಿ ಬಹಳಷ್ಟು ಕಡೆ ಚಿಕಿತ್ಸೆಯ ದುಡ್ಡು ಕಂಪನಿಯದೇ, ಇನ್ಶೂರೆನ್ಸ್‌ನವರು ಲೆಕ್ಕಪತ್ರ ನೋಡಿಕೊಳ್ಳುವವರಷ್ಟೇ. ಅಂಥಲ್ಲಿ ವಿನಾಯಿತಿ ಕೊಡುವ ಅಧಿಕಾರ ಕಂಪನಿಗೇ ಇರುತ್ತದೆ.

ಯಾವುದೂ ಆಗದಿದ್ದರೆ ಜುಲೈನಿಂದ ಹೊಸ ಲೆಕ್ಕ. ಅದರಲ್ಲೂ ನಿಮಗೊಂದು ಅನುಕೂಲವಿದೆ: ಆರಂಭದ ತೂಕ ಈಗಿನ 102 ಕೆಜಿ ಎಂದಾಗುತ್ತದೆ. ಏರಿದ 2 ಕೆಜಿ ಹೊಸ ಕಡತದಲ್ಲಿ ಏರಿಕೆಯಾಗಿ ಕಾಣುವುದಿಲ್ಲ.

ಇನ್ನು ಜಾಸ್ತಿ ಇಳಿದುಬಿಟ್ಟರೆ ಎಂಬ ಭಯ. ಸರ್ಜರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40, ಅಥವಾ ಡಯಾಬಿಟಿಸ್‌ನಂಥ ಕಾಯಿಲೆಯಿದ್ದರೆ 35 ಇರಬೇಕೆಂಬ ಗೆರೆ 1991ರಲ್ಲಿ ಎಳೆದದ್ದು. 2022ರಲ್ಲಿ ತಜ್ಞರು ಅದನ್ನು ಇನ್ನೂ ಕೆಳಗಿಳಿಸಿ, ಏಷ್ಯಾ ಮೂಲದವರಿಗೆ 27.5ರಿಂದಲೇ ಸರ್ಜರಿ ಪರಿಗಣಿಸಬಹುದು ಎಂದರೂ ಹಲವು ಇನ್ಶೂರೆನ್ಸ್ ಕಂಪನಿಗಳು ಹಳೆಯ ಗೆರೆಯನ್ನೇ ಹಿಡಿದಿವೆ. ಆ ಹಳೆಯ ಗೆರೆಯಲ್ಲೇ ನೋಡೋಣ. ನಿಮ್ಮ ಎತ್ತರಕ್ಕೆ ಬಿಎಂಐ 40 ಅಂದರೆ ಸುಮಾರು 99 ಕೆಜಿ, 35 ಅಂದರೆ ಸುಮಾರು 87 ಕೆಜಿ. ನಿಮಗೆ ಡಯಾಬಿಟಿಸ್ ಇರುವುದರಿಂದ 87ರ ಗೆರೆ ಅನ್ವಯಿಸುತ್ತದೆ. 102ರಿಂದ ಇನ್ನೂ 15 ಕೆಜಿ ಇಳಿದರೆ ಮಾತ್ರ ಆ ಪ್ರಶ್ನೆ ಏಳುತ್ತದೆ, ಆಗಲೂ ಅನೇಕರು ಕಾರ್ಯಕ್ರಮ ಶುರುವಾದ ದಿನದ ತೂಕವನ್ನೇ ಪರಿಗಣಿಸುತ್ತಾರೆ. ನಿಮ್ಮವರು ಯಾವ ದಿನದ್ದನ್ನು ಹಿಡಿಯುತ್ತಾರೆಂದು ಅದೇ ಫೋನಿನಲ್ಲಿ ಕೇಳಿಬಿಡಿ. ಡಯಾಬಿಟಿಸ್ ಇದೆ ಎಂಬುದಕ್ಕೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ವರದಿಗಳು, ಔಷಧಿ ಪಟ್ಟಿ ಕಡತದಲ್ಲಿರಲಿ.

ಏರಿಕೆಯ ಭಯಕ್ಕೆ ಅರ್ಥವಿದೆ. ಮೊದಲ ಭೇಟಿಗಿಂತ ಕೊನೆಯಲ್ಲಿ ತೂಕ ಹೆಚ್ಚಿರಬಾರದು ಎನ್ನುವ ಪಾಲಿಸಿಗಳಿವೆ. ಹಾಗಾಗಿ ಪ್ರತಿ ಸಲ ಅದೇ ಕ್ಲಿನಿಕ್, ಅದೇ ತಕ್ಕಡಿ, ಬೆಳಗಿನ ಹೊತ್ತು, ಹಗುರ ಬಟ್ಟೆ, ಚಪ್ಪಲಿ ಬಿಟ್ಟು ನಿಲ್ಲಿ. ಮುಟ್ಟಿನ ಮುಂಚಿನ ದಿನಗಳಲ್ಲಿ ನೀರು ತುಂಬಿ ಒಂದೆರಡು ಕೆಜಿ ಹೆಚ್ಚು ತೋರುವುದುಂಟು, ಭೇಟಿಯನ್ನು ಆ ವಾರ ಇಟ್ಟುಕೊಳ್ಳಬೇಡಿ. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಬೇಡ.

ಅರ್ಜಿಗಳು ಹೆಚ್ಚಾಗಿ ಬೀಳುವುದು ಡಾಕ್ಟರ ಟಿಪ್ಪಣಿಯಲ್ಲಿ. ಡಯಟಿಂಗ್ ನೀವು ಎಷ್ಟೇ ನಿಷ್ಠೆಯಿಂದ ಮಾಡಿರಿ, ಟಿಪ್ಪಣಿಯಲ್ಲಿ ‘ಡಯಾಬಿಟಿಸ್ ತಪಾಸಣೆ, ತೂಕ ಇಳಿಸಲು ಹೇಳಲಾಯಿತು’ ಎಂದು ಒಂದು ಸಾಲಿದ್ದರೆ ಆ ತಿಂಗಳು ಹೋಯಿತೆಂದೇ ಲೆಕ್ಕ. ತಾರೀಖು, ತೂಕ, ಬಿಎಂಐ, ಬಿಪಿ, ಯಾವ ಆಹಾರ ಕ್ರಮ, ಎಷ್ಟು ವ್ಯಾಯಾಮ, ತಿನ್ನುವ ಅಭ್ಯಾಸದ ಬಗ್ಗೆ ಏನು ಚರ್ಚೆ, ಮುಂದಿನ ತಿಂಗಳ ಗುರಿ, ಕೊನೆಗೆ ಸಹಿ: ಇಷ್ಟೂ ಇರಬೇಕು. ನೀವೇ ಅರ್ಧ ಪುಟ ಬರೆದುಕೊಂಡು ಹೋಗಿ: ‘ವಾರಕ್ಕೆ ಐದು ದಿನ 25 ನಿಮಿಷ ನಡಿಗೆ, ದಿನಕ್ಕೆ ಸುಮಾರು 1400 ಕ್ಯಾಲೊರಿ, ರಾತ್ರಿ ಹಸಿವು ತಡೆಯಲಾಗುತ್ತಿಲ್ಲ.’ ಅದನ್ನು ಡಾಕ್ಟರ ಕೈಗೆ ಕೊಟ್ಟು, ಟಿಪ್ಪಣಿಯಲ್ಲಿ ಸೇರಿಸಿ ಎಂದು ಸಂಕೋಚವಿಲ್ಲದೆ ಕೇಳಿ. ಟಿಪ್ಪಣಿ ಕ್ಲಿನಿಕ್‌ನ ಆನ್‌ಲೈನ್ ಪೋರ್ಟಲ್‌ಗೆ ಬಂದ ಕೂಡಲೇ ಇಳಿಸಿಕೊಂಡು ಓದಿ. ಬಿಟ್ಟುಹೋದದ್ದನ್ನು ಅದೇ ವಾರ ಸರಿಪಡಿಸುವುದು ಸುಲಭ, ಆರು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ. ಆರೂ ಭೇಟಿಗಳ ದಿನಾಂಕ ಇವತ್ತೇ ಗೊತ್ತುಮಾಡಿ, ಪ್ರತಿಯೊಂದನ್ನೂ ತಿಂಗಳ ಮೊದಲ ಹತ್ತು ದಿನದೊಳಗೆ ಇಡಿ. ಡಾಕ್ಟರ್ ರಜೆ ಹಾಕಿದರೂ ಅದೇ ತಿಂಗಳಲ್ಲಿ ಇನ್ನೊಂದು ದಿನ ಸಿಗುತ್ತದೆ. ಹಾಸನದಲ್ಲಿ ಕೂತು ವಿಡಿಯೊ ಭೇಟಿ ಮಾಡುತ್ತೇನೆ ಎಂದು ನಂಬಬೇಡಿ. ಡಾಕ್ಟರ ಲೈಸೆನ್ಸ್ ರಾಜ್ಯಕ್ಕೆ ಸೀಮಿತ, ದೇಶದ ಹೊರಗಿರುವ ರೋಗಿಯನ್ನು ಹೆಚ್ಚಿನವರು ನೋಡುವುದಿಲ್ಲ.

ಜುಲೈನಿಂದ ಶುರುವಾದರೆ ಆರನೆಯದು ಡಿಸೆಂಬರ್‌ಗೆ ಬರುತ್ತದೆ, ಅರ್ಜಿ ಜನವರಿಗೆ. ಕಂಪನಿಯ ಪ್ಲಾನ್ ಜನವರಿಯಲ್ಲಿ ಹೊಸದಾಗುವುದಾದರೆ ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರುಮಾಡುವ ಮುಂಚೆ ನೀವೇ ಕಟ್ಟಬೇಕಾದ ಮೊತ್ತ) ಮತ್ತೆ ಮೊದಲಿಂದ, ನಿಯಮಗಳೂ ಬದಲಾಗಿರಬಹುದು. ಕೊನೆಯ ಮೂರು ತಿಂಗಳಲ್ಲಿ ಪ್ಲಾನ್ ಆಯ್ಕೆ ಮಾಡುವಾಗ ಮುಂದಿನ ವರ್ಷದ ಪ್ಲಾನ್‌ನಲ್ಲಿ ಈ ಸರ್ಜರಿ ಇದೆಯೇ ಎಂದು ಮರೆಯದೆ ನೋಡಿ. ಸರ್ಜರಿಗೆ ಮುಂಚೆ ಕೇಳುವ ಸ್ಲೀಪ್ ಸ್ಟಡಿ (ನಿದ್ದೆಯಲ್ಲಿನ ಉಸಿರಾಟದ ಪರೀಕ್ಷೆ), ಎಂಡೋಸ್ಕೊಪಿ, ರಕ್ತ ಪರೀಕ್ಷೆಗಳನ್ನು ಡಯೆಟ್ ಮುಗಿಯಲಿ ಎಂದು ಕಾಯದೆ ಜೊತೆಜೊತೆಗೇ ಮುಗಿಸಿ. ಮನಃಶಾಸ್ತ್ರಜ್ಞರ ವರದಿ ಹಳೆಯದಾದರೆ ಒಪ್ಪದ ಪಾಲಿಸಿಗಳೂ ಇರುವುದರಿಂದ ಅದು ಕೊನೆಯ ಒಂದೆರಡು ತಿಂಗಳಿಗಿರಲಿ.

ಈಗ ರಾತ್ರಿಯ ಕೋಡುಬಳೆ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಹಗಲೆಲ್ಲ ಬರೀ ಸೊಪ್ಪು ಸದೆ ತಿಂದರೆ ರಾತ್ರಿ ಹತ್ತಕ್ಕೆ ದೇಹ ತನ್ನ ಬಾಕಿ ಕೇಳುತ್ತದೆ. ಜೊತೆಗೆ ‘ಸರ್ಜರಿ ಆದಮೇಲೆ ಇದನ್ನೆಲ್ಲ ತಿನ್ನೋಕೇ ಆಗಲ್ಲ’ ಎಂಬ ದುಃಖವೂ ಸೇರುತ್ತದೆ. ಸರ್ಜರಿಗೆ ಕಾಯುವವರಲ್ಲಿ ಇದು ಬಹಳ ಸಾಮಾನ್ಯ. ಸಲಾಡ್ ಬಿಡಿ, ದಿನಕ್ಕೆ 60ರಿಂದ 80 ಗ್ರಾಂ ಪ್ರೊಟೀನ್ ಹಗಲಲ್ಲೇ ಹೋಗುವಂತೆ ನೋಡಿಕೊಳ್ಳಿ. ಬೆಳಗ್ಗೆ 50 ಗ್ರಾಂ ಹೆಸರುಬೇಳೆ ನೆನೆಸಿ ರುಬ್ಬಿದ ದೋಸೆ, 12 ಗ್ರಾಂ ಪ್ರೊಟೀನ್. ಹನ್ನೊಂದಕ್ಕೆ ವೇ ಐಸೊಲೇಟ್ (ಹಾಲಿನಿಂದ ತೆಗೆದ ಪ್ರೊಟೀನ್ ಪುಡಿ) ಒಂದು ಸ್ಕೂಪ್, ಸುಮಾರು 25. ಮಧ್ಯಾಹ್ನ 100 ಗ್ರಾಂ ಗಟ್ಟಿ ಟೋಫು ಹಾಕಿದ ಪಲ್ಯ, ಜೊತೆಗೆ 30 ಗ್ರಾಂ ಬೇಳೆಯ ಗಟ್ಟಿ ತೊವ್ವೆ, ಎರಡೂ ಸೇರಿ 18ರ ಹತ್ತಿರ. ಸಂಜೆ ಸಿಹಿ ಹಾಕದ ಗ್ರೀಕ್ ಯೋಗರ್ಟ್ 170 ಗ್ರಾಂ, 17. ಇಲ್ಲಿಗೇ 70 ದಾಟಿತು. ರಾತ್ರಿಗೆ ತರಕಾರಿ, ಸಣ್ಣ ಬಟ್ಟಲು ಮೊಳಕೆ ಕಾಳು. ಸಾರಿನಲ್ಲಿ ಬೇಳೆ ಇದೆಯಲ್ಲ ಅಂದುಕೊಳ್ಳಬೇಡಿ, ತಿಳಿ ಸಾರಿನ ಒಂದು ಬಟ್ಟಲಲ್ಲಿ ಎರಡು ಮೂರು ಗ್ರಾಂ ಸಿಕ್ಕರೆ ಹೆಚ್ಚು. ಪನೀರ್‌ನಲ್ಲಿ 100 ಗ್ರಾಂಗೆ 18 ಗ್ರಾಂ ಪ್ರೊಟೀನ್ ಇದ್ದರೂ ಕೊಬ್ಬು 20ಕ್ಕೂ ಮೇಲೆ, ಅಳತೆಯಲ್ಲಿರಲಿ.

ಇಷ್ಟಾದ ಮೇಲೂ ವಾರಕ್ಕೊಮ್ಮೆಯಾದರೂ, ಹೊಟ್ಟೆ ಬಿರಿಯುವಷ್ಟು, ಕದ್ದು, ನಿಲ್ಲಿಸಲಾಗದೆ ತಿನ್ನುವುದು ಮೂರು ತಿಂಗಳಿಂದ ನಡೆದಿದೆ ಎಂದಾದರೆ ಅದು ಚಿಕಿತ್ಸೆಯಿರುವ ತೊಂದರೆ. ಮನಃಶಾಸ್ತ್ರಜ್ಞರಿಗೆ ಹೇಳಿಬಿಡಿ. ಹೇಳಿದ ಮಾತ್ರಕ್ಕೆ ಸರ್ಜರಿ ತಪ್ಪುವುದಿಲ್ಲ, ಮುಚ್ಚಿಟ್ಟರೆ ಸರ್ಜರಿಯ ನಂತರ ಅದೇ ಮರಳಿ ಕಾಡುತ್ತದೆ.

ನಮ್ಮ ಊಟದ ಕ್ರಮದಲ್ಲಿ ಕಷ್ಟವಾಗುವುದು ಇನ್ನೊಂದಿದೆ, ಅದನ್ನು ಈಗಲೇ ರೂಢಿಸಿಕೊಳ್ಳಿ. ಸ್ಲೀವ್ ಆದಮೇಲೆ ಊಟದ ಜೊತೆ ನೀರು ಕುಡಿಯುವಂತಿಲ್ಲ, ಉಂಡು ಅರ್ಧ ಗಂಟೆ ಕಾಯಬೇಕು. ನಾವೋ ಅನ್ನಕ್ಕೆ ಸಾರು ಸುರಿದು, ಕೊನೆಗೆ ಮಜ್ಜಿಗೆ ಕಲಸಿ ಉಣ್ಣುವವರು. ಹಾಗೆ ಉಂಡದ್ದು ಸಣ್ಣ ಹೊಟ್ಟೆಯಿಂದ ಬೇಗ ಜಾರಿ, ಗಂಟೆಯೊಳಗೆ ಮತ್ತೆ ಹಸಿವು. ಸಾರನ್ನು, ಮಜ್ಜಿಗೆಯನ್ನು ಊಟದಿಂದ ಬೇರ್ಪಡಿಸಿ, ನಡುವೆ ಲೋಟದಲ್ಲಿ ಕುಡಿಯಿರಿ. ತಟ್ಟೆಯಲ್ಲಿ ಮೊದಲು ಪಲ್ಯ, ಗಟ್ಟಿ ತೊವ್ವೆ, ಅನ್ನ ಕೊನೆಗೆ ಎರಡು ಚಮಚ. ಪುಟ್ಟ ಚಮಚದಲ್ಲಿ, ಚೆನ್ನಾಗಿ ಅಗಿದು, ಇಪ್ಪತ್ತರಿಂದ ಮೂವತ್ತು ನಿಮಿಷ. ಬಿ12, ವಿಟಮಿನ್ ಡಿ, ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ದಾಸ್ತಾನು) ಈಗಲೇ ನೋಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಹೆಚ್ಚು, ಸರ್ಜರಿಯ ನಂತರ ಅದು ಇನ್ನೂ ಕುಸಿಯುತ್ತದೆ. ತುಂಬಿಕೊಳ್ಳಲು ಈ ತಿಂಗಳುಗಳು ಹೇಳಿ ಮಾಡಿಸಿದಂತಿವೆ.

ಇನ್ಶೂರೆನ್ಸ್‌ನ ಡಯೆಟ್ ಬೇರೆ, ಸರ್ಜರಿಗೆ ಮುಂಚಿನ ಎರಡು ವಾರದ ಡಯೆಟ್ ಬೇರೆ. ಎರಡನೆಯದಕ್ಕೆ ಸ್ಪಷ್ಟ ಕಾರಣವಿದೆ. ಲಿವರ್‌ನ ಎಡಭಾಗ ಹೊಟ್ಟೆಯ ಮೇಲೆ ಒರಗಿರುತ್ತದೆ, ಸರ್ಜನ್ ಅದನ್ನು ಎತ್ತಿ ಹಿಡಿದೇ ಕೆಲಸ ಮಾಡಬೇಕು. ಕೊಬ್ಬಿನಿಂದ ಉಬ್ಬಿದ ಲಿವರ್ ಎತ್ತುವಾಗ ರಕ್ತಸ್ರಾವವಾಗಬಹುದು, ಕೆಲವೊಮ್ಮೆ ಸರ್ಜರಿಯನ್ನೇ ಕೈಬಿಡಬೇಕಾಗುತ್ತದೆ. ದಿನಕ್ಕೆ 800ರಿಂದ 1200 ಕ್ಯಾಲೊರಿಯ, ಪ್ರೊಟೀನ್ ಹೆಚ್ಚಿರುವ, ಅನ್ನ-ಸಕ್ಕರೆ ಕಡಿಮೆಯ ಆಹಾರದಲ್ಲಿ ಎರಡೇ ವಾರಕ್ಕೆ ಲಿವರ್ ಕುಗ್ಗುತ್ತದೆ. ಆದರೆ ನೀವು ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು, ಇಲ್ಲಿ ಎಚ್ಚರ ಬೇಕು. ಆ ಮಾತ್ರೆಯ ಜೊತೆ ಕಾರ್ಬೊಹೈಡ್ರೇಟ್ ತೀರಾ ಕಡಿಮೆಯಾದರೆ, ಶುಗರ್ ಹೆಚ್ಚು ತೋರಿಸದೆಯೂ ರಕ್ತದಲ್ಲಿ ಕೀಟೊ ಆಮ್ಲ ತುಂಬಿಕೊಳ್ಳಬಹುದು. ವಾಕರಿಕೆ, ಹೊಟ್ಟೆನೋವು, ಏದುಸಿರು ಬಂದರೆ ಅದು ತುರ್ತು ಪರಿಸ್ಥಿತಿ, ನೇರ ಎಮರ್ಜೆನ್ಸಿಗೆ ಹೋಗಿ. ಸರ್ಜರಿಗೆ ಕನಿಷ್ಠ ಮೂರು ದಿನ ಮುಂಚೆ ಆ ಮಾತ್ರೆ ನಿಲ್ಲಿಸಬೇಕು, ಈ ಎರಡು ವಾರದ ಡಯೆಟ್ ಶುರುವಾಗುವಾಗಲೇ ನಿಲ್ಲಿಸಬೇಕೇ ಎಂದು ಡಾಕ್ಟರನ್ನು ಕೇಳಿ. ಬೇಗ ಇಳಿಯಲಿ ಎಂದು ಈಗಲೇ ನೀವಾಗಿ ಆ ಡಯೆಟ್‌ಗೆ ಇಳಿಯಬೇಡಿ.

ಅತ್ತೆಯವರ ಪ್ರಶ್ನೆಗೂ ಉತ್ತರವಿದೆ. ಡಯೆಟ್‌ನಲ್ಲಿ ತೂಕ ಇಳಿದ ಮೇಲೆ ಹಸಿವಿನ ಹಾರ್ಮೋನ್ ಏರುತ್ತದೆ, ಹೊಟ್ಟೆ ತುಂಬಿತೆಂದು ಹೇಳುವ ಹಾರ್ಮೋನ್‌ಗಳು ಇಳಿಯುತ್ತವೆ. ಒಂದು ವರ್ಷವಾದರೂ ಅವು ಮೊದಲಿನ ಮಟ್ಟಕ್ಕೆ ಮರಳುವುದಿಲ್ಲ ಎಂದು ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ತೋರಿಸಿದರು. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತೆಗೆಯುವಾಗ ಹಸಿವಿನ ಹಾರ್ಮೋನ್ ಹೆಚ್ಚಾಗಿ ತಯಾರಾಗುವ ಮೇಲ್ಭಾಗವೂ ಹೋಗುತ್ತದೆ. ‘ಅತ್ತೆ, ಇಳಿಸೋಕೆ ನನಗೆ ಬರುತ್ತೆ, ಇಳಿದದ್ದು ನಿಲ್ಲೋಕೆ ಆಪರೇಷನ್ ಬೇಕು’ ಎಂದಷ್ಟೇ ಹೇಳಿ. ವಾದ ಬೇಡ. ಯಜಮಾನರನ್ನು ಮುಂದಿನ ಭೇಟಿಗೆ ಜೊತೆಗೇ ಕರೆದುಕೊಂಡು ಹೋಗಿ. ಸುಮ್ಮನಿರುವವರು ಹಲವರು ಭಯದಿಂದ ಸುಮ್ಮನಿರುತ್ತಾರೆ, ಅವರ ಪ್ರಶ್ನೆಗಳನ್ನು ಸರ್ಜನ್ ಎದುರೇ ಕೇಳಲಿ.

ಬೆಂಗಳೂರಿನಲ್ಲಿ ನುರಿತ ಸರ್ಜನ್‌ಗಳಿದ್ದಾರೆ, ಆ ಬಗ್ಗೆ ಅನುಮಾನವಿಲ್ಲ. ಆದರೂ ಬೇಸರದಲ್ಲಿ ಆ ನಿರ್ಧಾರ ಬೇಡ ಎನ್ನುತ್ತೇನೆ. ಹೊಲಿಗೆ ಸೋರುವುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಮೊದಲ ವಾರಗಳ ಅಪಾಯಗಳು. ಆ ಹೊತ್ತಿನಲ್ಲಿ ಇಪ್ಪತ್ತು ತಾಸಿನ ವಿಮಾನ ಪ್ರಯಾಣ ಒಳ್ಳೆಯದಲ್ಲ. ಡಲ್ಲಾಸ್‌ಗೆ ಮರಳಿದ ಮೇಲೆ ಬೇರೆಯವರು ಮಾಡಿದ ಸರ್ಜರಿಯ ತೊಂದರೆ ನೋಡಲು ಅಲ್ಲಿನ ಸರ್ಜನ್‌ಗಳು ಹಿಂಜರಿಯಬಹುದು, ಇನ್ಶೂರೆನ್ಸ್ ಆ ಖರ್ಚನ್ನು ಒಪ್ಪದೆಯೂ ಇರಬಹುದು. ನಿಮ್ಮ ಪ್ಲಾನ್‌ನಲ್ಲಿ ಈ ಸರ್ಜರಿಯೇ ಇಲ್ಲವೆಂದಾದರೆ ಆ ಮಾತು ಬೇರೆ. ಆಗಲೂ ಮೊದಲ ತಪಾಸಣೆಗಳು ಮುಗಿಯುವವರೆಗೆ ಊರಲ್ಲಿರುವಷ್ಟು ರಜೆ ಇಟ್ಟುಕೊಂಡು, ಮರಳಿದ ಮೇಲೆ ನೋಡಿಕೊಳ್ಳುವ ಡಾಕ್ಟರನ್ನು ಗೊತ್ತುಮಾಡಿಕೊಂಡೇ ಹೊರಡಬೇಕು.

ಆರು ತಿಂಗಳ ಕಡತ ಕಳಿಸಿದ ಮೇಲೂ ‘ಇಲ್ಲ’ ಎಂದು ಪತ್ರ ಬಂದರೆ ಎದೆಗುಂದಬೇಡಿ. ಕಾರಣ ಓದಿ, ಕಾಗದ ಕಡಿಮೆಯಾಗಿದ್ದರೆ ಸೇರಿಸಿ. ಸರ್ಜನ್ ನೇರವಾಗಿ ಇನ್ಶೂರೆನ್ಸ್‌ನ ಡಾಕ್ಟರ್ ಜೊತೆ ಫೋನಿನಲ್ಲಿ ಮಾತಾಡುವ ಅವಕಾಶವಿದೆ, ಆಸ್ಪತ್ರೆಯ ಇನ್ಶೂರೆನ್ಸ್ ಸಂಯೋಜಕರು ಅದನ್ನು ಗೊತ್ತುಮಾಡಿಸುತ್ತಾರೆ. ಮೇಲ್ಮನವಿಗೆ ಪತ್ರ ಬಂದ ದಿನದಿಂದ 180 ದಿನ ಕಾಲಾವಕಾಶ, ಸರ್ಜರಿ ಇನ್ನೂ ಆಗಿಲ್ಲದಿದ್ದರೆ ಅವರು 30 ದಿನದಲ್ಲಿ ಉತ್ತರಿಸಬೇಕು. ಅಲ್ಲೂ ಒಪ್ಪದಿದ್ದರೆ ನಾಲ್ಕು ತಿಂಗಳೊಳಗೆ ಹೊರಗಿನ ಸ್ವತಂತ್ರ ಪರಿಶೀಲನೆ ಕೇಳಬಹುದು. ಆ ಪತ್ರದ ಲಕೋಟೆಯನ್ನೂ ಎಸೆಯಬೇಡಿ, ಕಳಿಸಿದ ದಿನದ ಮುದ್ರೆ ಅದರ ಮೇಲಿರುತ್ತದೆ.