ಥರ್ಮಲ್ ಪವರ್ ಸ್ಟೇಷನ್ ಹೊಗೆ ಲೆಕ್ಕ: ಉಪಗ್ರಹ ನಂಬಲೋ, ಚಿಮಣಿ ಮೀಟರ್ ನಂಬಲೋ?

ಸ್ಥಾವರಗಳ ಹೊಗೆ ಲೆಕ್ಕ ತೋರಿಸುವ ಟ್ರ್ಯಾಕರ್ ಮಾಡಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಇದು: ಉಪಗ್ರಹದ ಅಂಕಿ ಹಿಡಿಯಲೋ, ಚಿಮಣಿಯಲ್ಲೇ ಕೂರಿಸಿ ಹೊಗೆ ಅಳೆಯುವ ಮೀಟರಿನದ್ದೋ? ಇದೇ ಪ್ರಶ್ನೆ ಹಿಡಿದು 2018ರಲ್ಲಿ ನಾನೂ ತಲೆ ಕೆಡಿಸಿಕೊಂಡಿದ್ದೆ. ಚಿಮಣಿ ಮೀಟರ್ ಅಂತ ಹೊರಟೆ, ಕೈ ಸುಟ್ಟುಕೊಂಡೆ. ಮೀಟರಿನ ತಪ್ಪಲ್ಲ, ನನ್ನದೇ.

ಆಗ ಒಂದು ಚಿಕ್ಕ ಕನ್ಸಲ್ಟೆನ್ಸಿಯಲ್ಲಿದ್ದೆ. ಕರ್ನಾಟಕದ ಹೊರಗಿನ ಒಂದು ಹಳೆಯ ಕಲ್ಲಿದ್ದಲು ಸ್ಥಾವರ, 210 ಮೆಗಾವಾಟ್ ಯೂನಿಟ್‌ಗಳು. 15 ನಿಮಿಷಕ್ಕೊಂದು ರೀಡಿಂಗ್, ಒಂದು ವರ್ಷದ್ದು. ಎಕ್ಸೆಲ್ ಶೀಟ್ ತೆರೆದರೆ ಹ್ಯಾಂಗ್ ಆಗುತ್ತಿತ್ತು, ಅದಕ್ಕೆ ಬೇಡ ಅನಿಸಿದ ಕಾಲಂಗಳನ್ನೆಲ್ಲ ಅಳಿಸಿಬಿಟ್ಟೆ. ಅದರಲ್ಲಿ ಆಕ್ಸಿಜನ್ ಕಾಲಂ ಕೂಡ ಹೋಯಿತು. ಆಕ್ಸಿಜನ್ ಏನು ಮಾಲಿನ್ಯವಾ ಅಂತ ನನ್ನ ಬುದ್ಧಿವಂತಿಕೆ!

ಸಲ್ಫರ್ ಡೈಆಕ್ಸೈಡ್ ಸುಮಾರು 500 ಮಿಲಿಗ್ರಾಂ ತೋರಿಸುತ್ತಿತ್ತು. 2015ರ ಡಿಸೆಂಬರ್ ನಿಯಮದಲ್ಲಿ ಅಂಥ ಚಿಕ್ಕ ಹಳೆಯ ಯೂನಿಟ್‌ಗೆ ಮಿತಿ ಒಂದು ನಾರ್ಮಲ್ ಘನ ಮೀಟರ್‌ಗೆ (ಗೊತ್ತುಪಡಿಸಿದ ಉಷ್ಣತೆ, ಒತ್ತಡಕ್ಕೆ ಲೆಕ್ಕ ಹಾಕಿದ ಘನ ಮೀಟರ್) 600 ಮಿಲಿಗ್ರಾಂ. ಮಿತಿಯೊಳಗಿದೆ ಅಂತ ಬರೆದು ಕಳಿಸಿದೆ. ವರದಿ ವಾಪಸ್ ಬಂತು, ಮೇಲೆ ಒಂದೇ ಸಾಲು: "ಆಕ್ಸಿಜನ್ ಎಲ್ಲಿ?"

ವಿಷಯ ಏನಪ್ಪಾ ಅಂದ್ರೆ, ಆ ಮಿತಿ ಇರುವುದು ಹೊಗೆಯಲ್ಲಿ 6% ಆಕ್ಸಿಜನ್ ಇದೆ ಅಂತ ಇಟ್ಟುಕೊಂಡು. ಹಳೆಯ ಸ್ಥಾವರದ ಡಕ್ಟ್‌ಗಳಲ್ಲಿ, ಅಂದರೆ ಹೊಗೆ ಸಾಗುವ ಕೊಳವೆಗಳಲ್ಲಿ, ಸೋರಿಕೆ ಜಾಸ್ತಿ, ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ, ಹಾಲಿಗೆ ನೀರು ಬೆರೆಸಿದ ಹಾಗೆ ರೀಡಿಂಗ್ ತೆಳ್ಳಗಾಗುತ್ತದೆ. ಹಾಗಾಗಿ ರೀಡಿಂಗನ್ನು 15ರಿಂದ (ಗಾಳಿಯಲ್ಲಿರುವ ಆಕ್ಸಿಜನ್ 21%, ಅದರಲ್ಲಿ 6 ಕಳೆದದ್ದು) ಗುಣಿಸಿ, 21ರಲ್ಲಿ ಅಳೆದ ಆಕ್ಸಿಜನ್ ಕಳೆದು ಬಂದದ್ದರಿಂದ ಭಾಗಿಸಬೇಕು. ನಮ್ಮಲ್ಲಿ ಆಕ್ಸಿಜನ್ 11% ಇತ್ತು. 500 ಅನ್ನುವುದು 750 ಆಯಿತು! ಮೂರು ತಿಂಗಳ ಕೆಲಸ ಮತ್ತೆ ಮೊದಲಿಂದ, ಕೊನೆಯ ಕಂತಿನ ದುಡ್ಡೂ ಬರಲಿಲ್ಲ. ಇನ್ನೊಂದು, ಒಟ್ಟು ಎಷ್ಟು ಟನ್ ಹೋಯಿತು ಅಂತ ಲೆಕ್ಕ ಹಾಕುವಾಗ ಹೀಗೆ ತಿದ್ದಬೇಡಿ. ಸೋರಿ ಬಂದ ಗಾಳಿ ಹೊಗೆಯ ಹರಿವಿನ ಅಳತೆಯಲ್ಲಿ ಆಗಲೇ ಸೇರಿರುತ್ತದೆ, ತಿದ್ದಿದ ಅಂಕಿಯಿಂದ ಗುಣಿಸಿದರೆ ಎರಡು ಸಲ ಎಣಿಸಿದ ಹಾಗಾಗುತ್ತದೆ.

ಹಾಗಾಗಿ ಉಪಗ್ರಹವೋ ಮೀಟರೋ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಗಾಳಿಯ ಮಾಲಿನ್ಯ ಅಳೆಯುವ ಸೆಂಟಿನೆಲ್-5ಪಿ ಉಪಗ್ರಹ ದಿನಕ್ಕೊಂದು ಸಲ ಮಧ್ಯಾಹ್ನ ಒಂದೂವರೆ ಹೊತ್ತಿಗೆ ಹಾದುಹೋಗುತ್ತದೆ, ಮಳೆಗಾಲದಲ್ಲಿ ಮೋಡ ಬಿಟ್ಟು ಬೇರೇನೂ ಕಾಣಿಸದು. ನನ್ನ ಮಾತು ಕೇಳುವುದಾದರೆ ಮೊದಲು ಕಲ್ಲಿದ್ದಲಿನಿಂದ ಶುರು ಮಾಡಿ. 210 ಮೆಗಾವಾಟ್ ಯೂನಿಟ್ ಪೂರ್ತಿ ಲೋಡ್‌ನಲ್ಲಿ ದಿನಕ್ಕೆ ಸುಮಾರು 3,500 ಟನ್ ಸುಡುತ್ತದೆ. ಗಂಧಕ (ಅದೇ ಸಲ್ಫರ್) 0.3% ಇದ್ದರೆ 10 ಟನ್ ಚಿಲ್ಲರೆ, ಅದು ಸುಟ್ಟು ಸಲ್ಫರ್ ಡೈಆಕ್ಸೈಡ್ ಆದಾಗ ತೂಕ ಎರಡರಷ್ಟು. ಸ್ವಲ್ಪ ಬೂದಿಯಲ್ಲೇ ಉಳಿಯುತ್ತದೆ, ಬಿಡಿ. ಮೀಟರ್ ಲೆಕ್ಕ ಇದರ ಅರ್ಧವೂ ಬಾರದಿದ್ದರೆ ಎಲ್ಲೋ ಎಡವಟ್ಟಾಗಿದೆ.

ಮಿತಿ ಮೀರಿದೆಯೋ ಇಲ್ಲವೋ ಅಂತ ಬರೀ ಕೆಂಪು-ಹಸಿರು ದೀಪ ತೋರಿಸುವ ಟ್ರ್ಯಾಕರ್ ಅಂತೂ ಮಾಡಬೇಡಿ. 2025ರ ಜುಲೈಯಲ್ಲಿ ಹೆಚ್ಚಿನ ಸ್ಥಾವರಗಳಿಗೆ ಈ ಸಲ್ಫರ್ ಮಿತಿಯಿಂದಲೇ ವಿನಾಯಿತಿ ಸಿಕ್ಕಿದೆ. ಟನ್‌ಗಳಲ್ಲಿ ತೋರಿಸಿ.

ಡೇಟಾ ಕೇಳುವಾಗ ಆಕ್ಸಿಜನ್, ಹರಿವು, ಲೋಡ್ (ಯೂನಿಟ್ ಎಷ್ಟು ವಿದ್ಯುತ್ ಉತ್ಪಾದಿಸುತ್ತಿತ್ತು ಅನ್ನುವುದು) ಮೂರೂ ಕೇಳಿ. ಆರ್‌ಟಿಐ ಹಾಕುವುದಾದರೆ ಎಕ್ಸೆಲ್ ಫೈಲೇ ಬೇಕು ಅಂತ ಬರೆಯಿರಿ, ಇಲ್ಲಾಂದ್ರೆ ಪ್ರಿಂಟ್ ಹೊಡೆದು ಕಟ್ಟು ಕಟ್ಟಿ ಕಳಿಸುತ್ತಾರೆ.