ಬರೆಯೋಕೆ ನನ್ನ ಹತ್ರ ಕಷ್ಟವೇ ಇಲ್ಲ!

ಪ್ರಶ್ನೆ: ನನಗೆ 17 ವರ್ಷ. ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದೇನೆ. ಅರ್ಜಿ ಜೊತೆ ನನ್ನ ಬಗ್ಗೆ ಬರೆಯಬೇಕಾದ ಪ್ರಬಂಧಕ್ಕೆ ವಿಷಯವೇ ಹೊಳೆಯುತ್ತಿಲ್ಲ. ಅಮ್ಮ ಡಿಬೇಟ್ ಬಹುಮಾನದ ಬಗ್ಗೆ ಬರಿ ಅಂತಾರೆ. ಗೆಳತಿ ತನ್ನ ಕಾಯಿಲೆಯ ಬಗ್ಗೆ ಬರೆದಿದ್ದಾಳೆ, ಓದಿ ಅತ್ತುಬಿಟ್ಟೆ. ನನಗೆ ಅಂಥ ಕಷ್ಟ ಬಂದೇ ಇಲ್ಲ. ತೀರಿಕೊಂಡ ತಾತನ ಬಗ್ಗೆ ಬರೆಯಲಾ? ಅವರನ್ನು ನೋಡಿದ್ದೇ ಎರಡು ಸಲ. ನನಗಿರುವ ಹುಚ್ಚು ಅಂದ್ರೆ ಹಳೇ ಗಡಿಯಾರ ಬಿಚ್ಚೋದು. ಮೊನ್ನೆ ಒಂದು ಅಲಾರಂ ಗಡಿಯಾರ ವಾಪಸ್ ಜೋಡಿಸಿದಾಗ ಒಂದು ಸ್ಕ್ರೂ ಉಳಿದುಬಿಟ್ಟಿತು. ಆದ್ರೂ ಅದು ಓಡುತ್ತಿದೆ, ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ. ಇದನ್ನೆಲ್ಲ ಯಾರು ಓದುತ್ತಾರೆ?

ಉತ್ತರ: ನಾನು ಓದಿದೆ. ಎರಡು ಸಲ. (ನೀನು ಅಂತಲೇ ಕರೆಯುತ್ತೇನೆ, ಬೇಜಾರಿಲ್ಲ ಅಲ್ವಾ?)

ಮೊದಲು ತಾತನನ್ನು ಬಿಟ್ಟುಬಿಡು. ಎರಡೇ ಸಲ ನೋಡಿದವರ ಸಾವಿನ ಬಗ್ಗೆ ಬರೆಯಲು ಕೂತರೆ ಮೂರನೇ ಸಾಲಿಗೇ ಸುಳ್ಳು ನುಸುಳುತ್ತದೆ, ಆಮೇಲೆ ಅದನ್ನು ಮುಚ್ಚೋಕೆ ಕಣ್ಣೀರು, ಮಳೆ, ಆಸ್ಪತ್ರೆ ಎಲ್ಲ ತರಬೇಕಾಗುತ್ತದೆ. ಗೆಳತಿ ಬರೆದದ್ದು ನಿನ್ನನ್ನು ಅಳಿಸಿದ್ದು ಕಾಯಿಲೆ ದೊಡ್ಡದು ಅಂತಲ್ಲ, ಅವಳು ಅದನ್ನು ಅನುಭವಿಸಿ ಬರೆದಳು ಅಂತ.

ಡಿಬೇಟ್ ವಿಷಯಕ್ಕೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಮನ್ ಆಪ್ ಅರ್ಜಿಯನ್ನೇ (ಅಲ್ಲಿನ ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಹಾಕುವ ಆನ್‌ಲೈನ್ ಅರ್ಜಿ) ತೋರಿಸು. ಚಟುವಟಿಕೆಗಳಿಗೆ 10 ಜಾಗ, ಪ್ರಶಸ್ತಿಗಳಿಗೆ ಬೇರೆ 5. ಬಹುಮಾನ ಅಲ್ಲಿ ಬಂದೇ ಬರುತ್ತದೆ. ಅದನ್ನೇ ಪ್ರಬಂಧದಲ್ಲೂ ಎಳೆದಾಡಿದರೆ, ಇರುವ 650 ಪದ ಸುಮ್ನೆ ದಂಡ.

ಇನ್ನು ಗಡಿಯಾರ. ಪ್ರಬಂಧಕ್ಕೆ ಒಂದನ್ನು ಆರಿಸಿಕೊಳ್ಳೋಕೆ ಅಂತ ಆ ಅರ್ಜಿಯಲ್ಲಿ ಕೊಟ್ಟಿರುವ 7 ಪ್ರಶ್ನೆಗಳನ್ನು ಸರಿಯಾಗಿ ಓದಿದ್ದೀಯಾ? ಹೊತ್ತು ಹೋದದ್ದೇ ಗೊತ್ತಾಗದಷ್ಟು ನಿನ್ನನ್ನು ಹಿಡಿದಿಡುವ ವಿಷಯ ಯಾವುದು ಅಂತಲೇ ಒಂದು ಪ್ರಶ್ನೆ ಇದೆ. ಗಡಿಯಾರ ಬಿಚ್ಚಿ ಕೂತು ಹೊತ್ತು ಮರೆಯುವವಳಿಗೆ ಇನ್ನೇನು ಬೇಕು, ಹೇಳು! ಅದೂ ಒಗ್ಗದಿದ್ದರೆ ಕೊನೆಯ ಪ್ರಶ್ನೆ ನಿನ್ನಿಷ್ಟದ ವಿಷಯಕ್ಕೇ ಬಿಟ್ಟದ್ದು.

ಒಂದೇ ಒಂದು ಎಚ್ಚರಿಕೆ. ಕೊನೆಗೆ 'ಹೀಗೆ ನಾನು ಸಮಯದ ಬೆಲೆ ಕಲಿತೆ' ಅಂತ ಮಾತ್ರ ಬರೆಯಬೇಡ, ನೀನು ಕಲಿತದ್ದು ಅದಲ್ಲ. ಸ್ಕ್ರೂ ಕೈಯಲ್ಲಿ ಉಳಿದಾಗ ಏನು ಮಾಡಿದೆ? ಮತ್ತೆ ಪೂರ್ತಿ ಬಿಚ್ಚಿದೆಯಾ, ಓಡುತ್ತಿದೆಯಲ್ಲ ಅಂತ ಡಬ್ಬಿಗೆ ಹಾಕಿದೆಯಾ, ಅಥವಾ ದಿನಾ ಬೆಳಗ್ಗೆ ಎದ್ದು ನಾಲ್ಕು ನಿಮಿಷ ಮುಂದೆ ತಿರುಗಿಸುತ್ತಿದ್ದೀಯಾ? ಪತ್ರದಲ್ಲಿ ಅದನ್ನೇ ಬರೆದಿಲ್ಲ ನೋಡು. ಇವತ್ತು ರಾತ್ರಿ ಅಲ್ಲಿಂದಲೇ ಶುರು ಮಾಡು.