ನಾಯಿಯ ಹಲ್ಲು: ಬ್ರಷ್ ಹಿಡಿಯುವ ಮೊದಲು

ಪ್ರಶ್ನೆ: ನಮ್ಮ ಪೊಮೆರೇನಿಯನ್ ನಾಯಿಗೆ ಆರು ವರ್ಷ. ಈಚೆಗೆ ಅದರ ಬಾಯಿ ಎಷ್ಟು ನಾರುತ್ತದೆಂದರೆ, ಮುದ್ದು ಮಾಡಲು ಬಂದಾಗ ಮುಖ ತಿರುಗಿಸುವಂತಾಗಿದೆ. ಹಿಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಗಟ್ಟಿ ಪದರ ಕಟ್ಟಿದೆ. ನಮ್ಮದೇ ಪೇಸ್ಟ್ ಹಾಕಿ ಉಜ್ಜಲು ಹೋದೆ. ಎರಡನೇ ದಿನವೇ ಕೈಗೆ ಬಾಯಿ ಹಾಕಿತು. ಮೂಳೆ ಕಡಿಯಲು ಕೊಟ್ಟರೆ ತಾನಾಗಿಯೇ ಸ್ವಚ್ಛವಾಗುತ್ತದೆ ಎನ್ನುತ್ತಾರೆ ಕೆಲವರು. ಕೆರೆದು ತೆಗೆಯುವ ಉಕ್ಕಿನ ಕಡ್ಡಿಯೂ ಸಿಗುತ್ತದಂತೆ. ವೈದ್ಯರು ಅರಿವಳಿಕೆ ಕೊಟ್ಟು ಸ್ವಚ್ಛಗೊಳಿಸಬೇಕು ಎಂದಿದ್ದಾರೆ. ನನಗೆ ಅದೇ ಭಯ. ಮನೆಯಲ್ಲೇ ಸರಿಪಡಿಸಬಹುದೇ?

ಉತ್ತರ: ಸದ್ಯಕ್ಕೆ ಬ್ರಷ್ ಕೆಳಗಿಡಿ. ಆರು ವರ್ಷ ಸಾಧುವಾಗಿದ್ದ ನಾಯಿ ಬಾಯಿ ಮುಟ್ಟಿದ ಕೂಡಲೇ ಕಚ್ಚಲು ಬಂದರೆ ಮೊದಲು ಅನುಮಾನಿಸಬೇಕಾದದ್ದು ನೋವನ್ನು. ‘ಊಟ ಚೆನ್ನಾಗಿ ಮಾಡುತ್ತದಲ್ಲ’ ಎಂದು ನೀವು ಕೇಳಬಹುದು. ಹಲ್ಲು ಅಲುಗಾಡುತ್ತಿದ್ದರೂ ನಾಯಿ ತಟ್ಟೆ ಖಾಲಿ ಮಾಡುತ್ತದೆ. ಒಂದೇ ಪಕ್ಕದಲ್ಲಿ ಅಗಿಯುತ್ತದೆ, ಇಲ್ಲವೇ ಅಗಿಯದೆ ನುಂಗುತ್ತದೆ.

ಹಲ್ಲಿನ ಮೇಲೆ ಮೊದಲು ಕೂರುವುದು ಬ್ಯಾಕ್ಟೀರಿಯಾಗಳ ಮೆತ್ತನೆಯ ಲೋಳೆ, ಅಂದರೆ ಪಾಚಿ. ಉಜ್ಜಿ ತೆಗೆದ ಕೆಲವೇ ಗಂಟೆಗಳಲ್ಲಿ ಅದು ಮತ್ತೆ ಕೂರತೊಡಗುತ್ತದೆ. ಹಾಗೇ ಬಿಟ್ಟರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂನಂತಹ ಖನಿಜಗಳು ಸೇರಿ ಎರಡು ಮೂರು ದಿನಗಳಲ್ಲೇ ಗಟ್ಟಿಯಾಗತೊಡಗುತ್ತದೆ. ಹೀಗೆ ಕಲ್ಲಾದ ಪಾಚಿಯೇ ಕಿಟ್ಟ. ನಾಯಿಯ ಜೊಲ್ಲು ನಮ್ಮದಕ್ಕಿಂತ ಹೆಚ್ಚು ಕ್ಷಾರೀಯ. ಅದರಿಂದಾಗಿ ನಾಯಿಗಳಲ್ಲಿ ಹುಳುಕು ಹಲ್ಲು ಅಪರೂಪ, ಕಿಟ್ಟ ಮಾತ್ರ ಬೇಗ ಕಟ್ಟುತ್ತದೆ. ನಿಮ್ಮ ಕಣ್ಣಿಗೆ ಬಿದ್ದಿರುವ ಕಂದು ಪದರ ಅದೇ. ಬ್ರಷ್ ಪಾಚಿಯನ್ನು ತೆಗೆಯಬಲ್ಲದು, ಕಿಟ್ಟವನ್ನಲ್ಲ. ವಾರಕ್ಕೊಮ್ಮೆ ಸ್ನಾನದ ಜೊತೆ ಹಲ್ಲುಜ್ಜುವವರ ಶ್ರಮ ವ್ಯರ್ಥವಾಗುವುದೂ ಇದಕ್ಕೇ: ಅವರು ಬರುವ ಹೊತ್ತಿಗೆ ಪಾಚಿ ಕಲ್ಲಾಗಿರುತ್ತದೆ.

ಉಕ್ಕಿನ ಕಡ್ಡಿಯ ಆಸೆ ಬಿಡಿ. ಅದರಿಂದ ಕಾಣುವ ಹಲ್ಲು ಬೆಳ್ಳಗಾಗಬಹುದು, ಆದರೆ ರೋಗ ಇರುವುದು ವಸಡಿನ ಒಳಗೆ. ಅಲ್ಲಿ ಹಲ್ಲನ್ನು ಹಿಡಿದಿರುವ ನಾರು ಮತ್ತು ಎಲುಬು ಕರಗುತ್ತಾ ಹೋಗುತ್ತವೆ, ಮೇಲೆ ಹೊಳೆಯುವ ಹಲ್ಲು ನೋಡಿ ನೀವು ನೆಮ್ಮದಿಯಾಗಿರುತ್ತೀರಿ. ಕೆರೆದ ಗೀರುಗಳಲ್ಲಿ ಹೊಸ ಪಾಚಿ ಇನ್ನೂ ಸುಲಭವಾಗಿ ಅಂಟಿಕೊಳ್ಳುತ್ತದೆ. ಅರಿವಳಿಕೆ ಇಲ್ಲದೆ ಕೂರಿಸಿಕೊಂಡು ಹಲ್ಲು ಶುಚಿಮಾಡಿಕೊಡುವ ಸೇವೆಗೂ ಇದೇ ಮಾತು ಅನ್ವಯಿಸುತ್ತದೆ.

ಅರಿವಳಿಕೆಯ ಭಯ ಸಹಜವೇ. ಅಪಾಯ ಸೊನ್ನೆ ಎಂದು ನಾನು ಹೇಳುವುದಿಲ್ಲ. ಆದರೆ ವಸಡಿನ ಒಳಗೆ ಶುಚಿಮಾಡಲು, ಬೇರುಗಳ ಎಕ್ಸ್‌ರೇ ತೆಗೆಯಲು ನಾಯಿ ಅಲುಗಾಡದೆ ಮಲಗಿರಬೇಕು. ಶ್ವಾಸನಾಳಕ್ಕೆ ಹಾಕುವ ಕೊಳವೆ, ಶುಚಿಮಾಡುವಾಗ ಹರಿಯುವ ನೀರು ಮತ್ತು ಕೊಳೆ ಶ್ವಾಸಕೋಶಕ್ಕೆ ಇಳಿಯದಂತೆ ತಡೆಯುತ್ತದೆ. ಮೊದಲೇ ರಕ್ತಪರೀಕ್ಷೆ ಮಾಡಿಸಿ, ಹೃದಯದ ಬಡಿತ ಪರೀಕ್ಷಿಸಲು ಹೇಳಿ, ಎಕ್ಸ್‌ರೇ ತೆಗೆಯುತ್ತೀರಾ ಎಂದು ಕೇಳಿ. ಈ ಪ್ರಶ್ನೆಗಳಿಗೆ ವೈದ್ಯರು ಬೇಸರಪಟ್ಟುಕೊಳ್ಳಬಾರದು. ಸಣ್ಣ ತಳಿಗಳ ಪುಟ್ಟ ದವಡೆಯಲ್ಲೂ 42 ಹಲ್ಲುಗಳೇ ಒತ್ತೊತ್ತಾಗಿ ಕೂರಬೇಕಾದ್ದರಿಂದ ಅವುಗಳಿಗೆ ಈ ಕಾಟ ಹೆಚ್ಚು. ತಡಮಾಡಬೇಡಿ.

ಸ್ವಚ್ಛಗೊಳಿಸಿ, ವಸಡಿನ ಗಾಯ ಮಾಯ್ದ ಮೇಲೆ ನಿಮ್ಮ ಕೆಲಸ ಶುರು. ಮೊದಲ ಕೆಲವು ದಿನ ಬ್ರಷ್ ಬೇಡವೇ ಬೇಡ. ನಾಯಿಗಳ ಪೇಸ್ಟ್ ಬೆರಳಿಗೆ ಹಚ್ಚಿ ನೆಕ್ಕಲು ಬಿಡಿ, ಅಷ್ಟೇ. ಆಮೇಲೆ ತುಟಿಯನ್ನು ಒಂದು ಕ್ಷಣ ಎತ್ತಿ ಬಿಡಿ. ಅದಕ್ಕೆ ಒಗ್ಗಿದ ನಂತರ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಒಂದೆರಡು ಹಲ್ಲು ಒರೆಸಿ. ಬ್ರಷ್ ಬರುವುದು ಆಮೇಲೆ. ಪ್ರತಿ ಸಲವೂ ನಾಯಿ ತಲೆ ಕೊಡವುವ ಮೊದಲೇ ನೀವು ನಿಲ್ಲಿಸಬೇಕು. ‘ಕೊಡವಿದರೆ ಬಿಡುತ್ತಾರೆ’ ಎಂಬ ಪಾಠ ಅದು ಒಮ್ಮೆ ಕಲಿತರೆ ಮರೆಸುವುದು ಕಷ್ಟ.

ಬಾಯಿ ಅಗಲಿಸಬೇಕಾಗಿಲ್ಲ. ಬಾಯಿ ಮುಚ್ಚಿಯೇ ಇರಲಿ, ಬ್ರಷ್ ಕೆನ್ನೆಯ ಒಳಗೆ ಜಾರಲಿ. ಹಲ್ಲಿನ ಒಳಮೈಯನ್ನು ನಾಲಿಗೆ ಬಹುಮಟ್ಟಿಗೆ ನೋಡಿಕೊಳ್ಳುತ್ತದೆ, ಹೊರಮೈ ನಿಮ್ಮದು. ಅದರಲ್ಲೂ ಮೇಲ್ದವಡೆಯ ಹಿಂಭಾಗದ ಅತಿ ದೊಡ್ಡ ಹಲ್ಲನ್ನು ಮರೆಯಬೇಡಿ. ಜೊಲ್ಲಿನ ನಾಳ ಅದರ ಬಳಿಯೇ ತೆರೆದುಕೊಳ್ಳುವುದರಿಂದ ಕಿಟ್ಟ ಅಲ್ಲಿ ಬೇಗ ಕಟ್ಟುತ್ತದೆ. ಬ್ರಷ್ಷನ್ನು ಓರೆಯಾಗಿ, 45 ಡಿಗ್ರಿ ಕೋನದಲ್ಲಿ, ಹಲ್ಲು ಮತ್ತು ವಸಡು ಸೇರುವ ಗೆರೆಯ ಮೇಲಿಟ್ಟು ಮೆಲ್ಲಗೆ ಆಡಿಸಿ. ಹೆಚ್ಚಿನವರು ಹಲ್ಲಿನ ನಡುವಿನ ಬಿಳುಪನ್ನೇ ತಿಕ್ಕುತ್ತಾರೆ, ಗೆರೆಯನ್ನು ಬಿಡುತ್ತಾರೆ. ದಿನಕ್ಕೆ ಒಂದು ಸಲ ಸಾಕು. ಎಲ್ಲ ಹಲ್ಲೂ ಮುಗಿಯದಿದ್ದರೆ ಇಂದು ಎಡ, ನಾಳೆ ಬಲ.

ನಿಮ್ಮ ಪೇಸ್ಟ್ ಮಾತ್ರ ಬೇಡ. ನಾಯಿ ಉಗುಳುವುದಿಲ್ಲ, ಪೂರ್ತಿ ನುಂಗುತ್ತದೆ. ಕೆಲವು ಪೇಸ್ಟ್‌ಗಳಲ್ಲಿ ಸಿಹಿಗೆಂದು ಹಾಕುವ ಕ್ಸೈಲಿಟಾಲ್ ನಮಗೆ ನಿರಪಾಯಕಾರಿ, ನಾಯಿಗೆ ವಿಷ: ರಕ್ತದ ಸಕ್ಕರೆಯನ್ನು ದಿಢೀರನೆ ಇಳಿಸುತ್ತದೆ, ಯಕೃತ್ತನ್ನು ಕೆಡಿಸಬಲ್ಲದು. ಅಡುಗೆ ಸೋಡಾ, ಉಪ್ಪು ಕೂಡ ಬೇಡ. ನಾಯಿಯ ಪೇಸ್ಟ್ ಸಿಗದಿದ್ದರೆ ಒದ್ದೆ ಬ್ರಷ್ ಸಾಕು, ಪಾಚಿ ಕೀಳುವುದು ಉಜ್ಜುವಿಕೆಯೇ.

ಇನ್ನು ಮೂಳೆ. ಗಟ್ಟಿ ಮೂಳೆ, ಜಿಂಕೆ ಕೊಂಬು ಕಡಿದು ನಾನು ಮೇಲೆ ಹೇಳಿದ ಅದೇ ದೊಡ್ಡ ಹಲ್ಲು ಸೀಳುವುದುಂಟು. ಸೀಳಿದ ಹಲ್ಲಿನ ಬೇರಿನಲ್ಲಿ ಕೀವು ತುಂಬಿದರೆ ಕಣ್ಣಿನ ಕೆಳಗೆ ಊತ ಕಾಣಿಸುತ್ತದೆ. ಮನೆಯವರು ಅದನ್ನು ಕಣ್ಣಿನ ರೋಗವೆಂದು ಕರೆತರುತ್ತಾರೆ. ನಿಮ್ಮ ಹೆಬ್ಬೆರಳ ಉಗುರು ಒತ್ತಿದಾಗ ಸ್ವಲ್ಪವೂ ತಗ್ಗದ ವಸ್ತುವನ್ನು ಕಡಿಯಲು ಕೊಡಬೇಡಿ. ಹಲ್ಲಿಗೆಂದೇ ಮಾಡಿದ ಅಗಿಯುವ ತಿನಿಸುಗಳಲ್ಲಿ ಕೆಲವು ನಿಜಕ್ಕೂ ಉಪಯುಕ್ತ, ಆದರೆ ಬ್ರಷ್‌ನ ಜೊತೆಗೆ.

ಪ್ರಶ್ನೆ: ನಾಲ್ಕೂವರೆ ತಿಂಗಳ ಮರಿಯ ಹಲ್ಲುಗಳು ಉದುರುತ್ತಿವೆ, ಆಟಿಕೆಯ ಮೇಲೆ ರಕ್ತದ ಕಲೆ. ಈಗಲೇ ಉಜ್ಜಲು ಶುರು ಮಾಡಲೇ?

ಉತ್ತರ: ಗಾಬರಿ ಬೇಡ, 28 ಹಾಲುಹಲ್ಲುಗಳು ಬಿದ್ದು ಹೊಸವು ಬರುವ ಕಾಲ ಇದು. ವಸಡು ನವಿರಾಗಿರುವುದರಿಂದ ಬ್ರಷ್ ಕಾಯಲಿ. ತುಟಿ ಎತ್ತುವ, ಬೆರಳಾಡಿಸುವ ಅಭ್ಯಾಸವನ್ನು ಮಾತ್ರ ಈಗಿನಿಂದಲೇ ಮಾಡಿಸಿ. ಏಳು ತಿಂಗಳಾದಾಗ ಒಮ್ಮೆ ಕೋರೆಹಲ್ಲುಗಳನ್ನು ನೋಡಿ. ಹಳೆಯದೂ ಹೊಸದೂ ಜೋಡಿಯಾಗಿ ನಿಂತಿದ್ದರೆ ಹಾಲುಹಲ್ಲನ್ನು ವೈದ್ಯರಿಂದ ಕೀಳಿಸಬೇಕಾಗುತ್ತದೆ.